ಹನ್ನೆರಡು ದಿನದ ಅಂಟು

ಮಳೆ ಹಿಡಿದ ಮೂರನೆಯ ದಿನ ಹಂದಾ ಎಂಬ ಮನುಷ್ಯ ನಮ್ಮ ಅಂಗಡಿಗೆ ಬಂದ. ಓಮಿ ಸೀಮೆಯ ಒಂದು ದೊಡ್ಡ ಮನೆತನದ ಕಾರ್ಯಸ್ಥ. ಎಣ್ಣೆ ಕಾಗದ ಸುತ್ತಿದ ಪೆಟ್ಟಿಗೆಯೊಂದನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡಿದ್ದ. ಪೆಟ್ಟಿಗೆ ಒಣಗಿತ್ತು, ಆಸಾಮಿ ಮಾತ್ರ ತೊಪ್ಪೆಯಾಗಿದ್ದ. ನಾನು ಮೂಲೆಯಲ್ಲಿ ಕೂತಿದ್ದೆ. ಮಂಡಿ ಕೈಕೊಟ್ಟ ಮೇಲೆ, ಈ ಎರಡು ವರ್ಷದಿಂದ, ಮೂಲೆಯಲ್ಲಿ ಕೂತು ತಪ್ಪು ಹುಡುಕುವುದೊಂದೇ ನನ್ನ ಕೆಲಸ. ಹೊರಗಿನ ಹಲಗೆಯ ಮೇಲೆ ಇನ್ನೂ ಗಿಸುಕೆ ಎಂದು ನನ್ನ ಹೆಸರೇ ಇದೆ. ದುಡಿಯುವವಳು ನನ್ನ ಮಗಳು ಓತಕಿ.

ನಮ್ಮದು ಚಿತ್ರಗಳಿಗೆ ಬೆನ್ನು ಕಟ್ಟುವ ಕಸುಬು. ಚಿತ್ರ ಬರೆಯುವವರು ತೆಳ್ಳನೆಯ ಕಾಗದದ ಮೇಲೆ ಬರೆದು ಕೈ ತೊಳೆದುಕೊಳ್ಳುತ್ತಾರೆ. ಅದರ ಹಿಂದೆ ಪದರ ಪದರವಾಗಿ ಕಾಗದ ಅಂಟಿಸಿ, ಹಾಳೆಗೆ ಹಾಳೆ ಜೋಡಿಸಿ, ರೇಷ್ಮೆಯ ಹೊದಿಕೆ ಹಾಕಿ, ಕೊನೆಗೊಂದು ಮರದ ಕೋಲು ಕೂರಿಸಿ ಸುರುಳಿ ಮಾಡುವವರು ನಾವು. ಹೆಸರು ಅವರಿಗೆ, ಸೊಂಟನೋವು ನಮಗೆ.

ಓತಕಿ ಪೆಟ್ಟಿಗೆ ತೆರೆದಳು. ಕಡುನೀಲಿ ರೇಷ್ಮೆಯ ಹೊದಿಕೆ, ಅದರ ಮೇಲೆ ಬೆಳ್ಳಿದಾರದ ಅಲೆಗಳು. ನೋಡಿದ ಕೂಡಲೇ ಗುರುತು ಸಿಕ್ಕಿತು. ಆ ರೇಷ್ಮೆಯನ್ನು ಆರಿಸಿದ್ದು ನಾನು. ನೇಯ್ಗೆಯವರ ಬೀದಿಯಲ್ಲಿ ನಿಂತು, ಬೇಗ ಕೊಡಿ ಬೇಗ ಕೊಡಿ ಎಂದು ಅವರ ಜೀವ ತಿಂದು ತಂದದ್ದು.

ಓತಕಿ ಬಲಗಡೆಯಿಂದ ಒಂದು ಮೊಳ ಬಿಚ್ಚಿದಳು. ಸುರುಳಿ ಒಣಮೀನಿನ ಸಿಪ್ಪೆಯ ಹಾಗೆ ಚರಚರ ಎಂದಿತು. ಚಿತ್ರದ ಅಡ್ಡಕ್ಕೆ ಬೆರಳಗಲಕ್ಕೊಂದರಂತೆ ಮಡಿಕೆಗಳು. ಮಡಿಕೆ ಬಿದ್ದಲ್ಲೆಲ್ಲ ಬಣ್ಣ ಎದ್ದು ನಿಂತಿತ್ತು. ಅರಮನೆಯ ಹೆಂಗಸೊಬ್ಬಳ ತೋಳಿನ ಮೇಲಿಂದ ಚಿಪ್ಪು ಅರೆದು ಮಾಡಿದ ಬಿಳಿಬಣ್ಣದ ಚೂರೊಂದು ಉದುರಿ ಚಾಪೆಗೆ ಬಿತ್ತು.

"ಯಾವ ಕತ್ತೆ ಕಟ್ಟಿದ್ದು ಇದನ್ನ?" ಅಂದಳು ಓತಕಿ.

ಹಂದಾ ಬೆಚ್ಚಿದ. "ನಮ್ಮ ಅಮ್ಮನೋರು ಮದುವೇಲಿ ತವರಿಂದ ತಂದಿದ್ದು ತಾಯಿ. ಇಪ್ಪತ್ತೆರಡು ವರ್ಷ ಆಯ್ತು. ಕತ್ತೆ ಯಾವ್ದು ಅಂತ ನಂಗೇನು ಗೊತ್ತು?"

"ಇಪ್ಪತ್ತೆರಡೇ? ಇನ್ನೂರು ವರ್ಷದವು ಇದಕ್ಕಿಂತ ಮೆತ್ತಗಿರ್ತವೆ. ಹೊಸ ಅಂಟು ಹಾಕಿದಾನೆ ಬಡ್ಡೀಮಗ. ಅಪ್ಪಾ, ಇಲ್ಲಿ ನೋಡು."

ನಾನು ಕತ್ತು ಚಾಚಿ ನೋಡಿದ ಹಾಗೆ ಮಾಡಿದೆ. "ಹೌದು, ಹೊಸ ಅಂಟು," ಅಂದೆ. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ, ಆ ಕತ್ತೆ ನಾನೇ.

ಹಂದಾ ಹೇಳಿದ್ದಿಷ್ಟು. ಆ ಅಮ್ಮನ ಮಗಳಿಗೆ ಹತ್ತನೆಯ ತಿಂಗಳಲ್ಲಿ ಮದುವೆ. ತಾಯಿ ತಂದ ಸುರುಳಿಯನ್ನೇ ಮಗಳೂ ತೆಗೆದುಕೊಂಡು ಹೋಗಬೇಕು. ಅಷ್ಟರೊಳಗೆ ಸರಿಯಾಗಬೇಕು. ಸುರುಳಿಯಲ್ಲಿ ಇದ್ದದ್ದು ಅರಮನೆಯ ಹಳೆಯ ಕಥೆಯೊಂದರ ಐದು ದೃಶ್ಯ. ಮದುವೆ ಸುರುಳಿಗಳಲ್ಲಿ ಯಾವಾಗಲೂ ಇಂಥವೇ. ವಸಂತದಲ್ಲಿ ಸೊಪ್ಪು ಕೀಳುವ ಹುಡುಗಿಯರು, ಕೊಳದಲ್ಲಿ ಸಂಗೀತದವರ ದೋಣಿ, ಚಿಪ್ಪಿಗೆ ಜೋಡಿ ಹುಡುಕುವ ಆಟ, ಹಿಮ ನೋಡಲೆಂದು ತೆರೆ ಎತ್ತುವ ಸಖಿಯರು, ಕೊನೆಗೆ ಕಾಗದ ಓದುವ ಹೆಣ್ಣು. ಆ ಕಥೆಯಲ್ಲಿ ಸಾವು ಬೇಕಾದಷ್ಟಿದೆ. ಮದುವೆ ಸುರುಳಿಯಲ್ಲಿ ಮಾತ್ರ ಯಾರೂ ಸಾಯುವುದಿಲ್ಲ.

"ನೋಡೋಣ. ಮೊದಲು ಬಿಚ್ಚಬೇಕು," ಅಂದಳು ಓತಕಿ. ಹಂದಾ ಎರಡು ಲೋಟ ಬಾರ್ಲಿ ಚಹಾ ಕುಡಿದು ಹೋದ.

ಅವನು ಹೋದದ್ದೇ ತಡ, ನಾನು ಮೂಲೆಯಿಂದ ತೆವಳಿಕೊಂಡು ಬಂದೆ. "ಕೋಲು ನಾನು ಬಿಡಿಸ್ತೀನಿ. ಅದೊಂದಾದ್ರೂ ನನ್ನ ಕೈಗೆ ಬಿಡು," ಅಂದೆ. ಓತಕಿ ಹುಬ್ಬು ಏರಿಸಿದಳು. "ಏನಪ್ಪಾ, ಎರಡು ವರ್ಷದ ಮೇಲೆ ಕೈ ತುರಿಸ್ತಿದೆಯಾ?" ಎಂದು ನಕ್ಕು, ಬಟ್ಟಲಲ್ಲಿ ನೀರು ತಂದಿಟ್ಟು ಪೇಟೆಗೆ ಹೋದಳು.

ಆ ಕೋಲಿನ ವಿಷಯ ಹೇಳಬೇಕು. ಸುರುಳಿಯ ಕೊನೆಯ ಕಾಗದ ಕೋಲಿಗೆ ಸುತ್ತಿ ಅಂಟಿಕೊಂಡಿರುತ್ತದೆ. ಅಂಟಿಸುವ ಮೊದಲು ಕಟ್ಟಿದವನು ಬರಿಯ ಮರದ ಮೇಲೆ ಎರಡು ಸಾಲು ಬರೆಯುತ್ತಾನೆ. ಯಾವ ವರ್ಷ, ಯಾರು ಕಟ್ಟಿದ್ದು, ಯಾವ ಅಂಟು, ಚಿತ್ರದ ನೋವು ಎಲ್ಲೆಲ್ಲಿದೆ. ಕೊಂಡವರಿಗೆ ಅದು ಕಾಣುವುದಿಲ್ಲ, ಬರೆದ ಚಿತ್ರಗಾರನಿಗೂ ಕಾಣುವುದಿಲ್ಲ. ನೂರು ವರ್ಷದ ಮೇಲೆ ಬಿಚ್ಚುವ ಇನ್ನೊಬ್ಬ ಅಂಟಿನವನಿಗೆ ಮಾತ್ರ. ನಮ್ಮ ಕಸುಬಿನಲ್ಲಿ ಗಿರಾಕಿಗೆ ಸುಳ್ಳು ಹೇಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಕೋಲಿನ ಮೇಲೆ ಸುಳ್ಳು ಬರೆದವನನ್ನು ಕಂಡಿಲ್ಲ. ಅಲ್ಲಿ ಸುಳ್ಳು ಹೇಳಿ ಯಾರನ್ನು ಮೆಚ್ಚಿಸಬೇಕು?

ಕಾಗದ ಒದ್ದೆ ಮಾಡಿದೆ. ಜಾಡಿಯಲ್ಲಿ ವರ್ಷಗಟ್ಟಲೆ ಮಾಗಿದ ಹಳೆಯ ಅಂಟಾಗಿದ್ದರೆ ಅರೆಗಳಿಗೆಯಲ್ಲಿ ಬಿಟ್ಟುಕೊಡುತ್ತಿತ್ತು. ಇದು ಹಠಮಾರಿ. ಉಗುರಿನಲ್ಲಿ ಕೆರೆದು ಕೆರೆದು ಬಿಡಿಸಬೇಕಾಯಿತು. ಮರ ಕಂಡಿತು, ನನ್ನ ಅಕ್ಷರ ಕಂಡಿತು. ಓದದೆ ಅಂಗಿಯ ತೋಳಿನೊಳಗೆ ಹಾಕಿಕೊಂಡೆ. ಆಮೇಲೆ ಅಂಟಿನ ಜಾಡಿಗಳ ಹಿಂದೆ, ನೆಲಹಲಗೆಯ ಕೆಳಗೆ ಇಟ್ಟೆ.

"ಕೋಲು ಎಲ್ಲಿ? ಆ ಕತ್ತೆ ಹೆಸರು ನೋಡ್ಬೇಕು," ಎನ್ನುತ್ತ ಬಂದಳು ಓತಕಿ.

"ಹುಳ ಹಿಡಿದಿತ್ತು. ಒಲೆಗೆ ಹಾಕ್ದೆ."

"ಓದಲೂ ಇಲ್ವಾ?"

"ಓದೋಕೆ ಏನೂ ಉಳಿದಿರ್ಲಿಲ್ಲ."

ಅವಳು ನನ್ನನ್ನೇ ಒಂದು ಕ್ಷಣ ನೋಡಿದಳು. ಹುಳ ಬಿದ್ದ ಮರವನ್ನು ಚಿತ್ರದ ಹತ್ತಿರ ಇಡಬಾರದು ಎಂದು ಅವಳಿಗೆ ಕಲಿಸಿದ್ದೂ ನಾನೇ. "ಸರಿ ಬಿಡು," ಅಂದಳು.

ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಹೆಂಡತಿ ಓಕಿನು ಬದುಕಿದ್ದಳು. ದೊಡ್ಡ ಚಿತ್ರಶಾಲೆಯೊಂದರಲ್ಲಿ ಅವಳಿಗೆ ಮುಖ ಬರೆಯುವ ಕೆಲಸ. ಬಟ್ಟೆ ಬರೆಯುವವರು ಬೇರೆ, ಮರ ಬರೆಯುವವರು ಬೇರೆ, ಕೊನೆಗೆ ಮೊಹರು ಒತ್ತುವ ಯಜಮಾನ ಬೇರೆ. ಆ ಚಿತ್ರಗಳಲ್ಲಿ ಕಣ್ಣೆಂದರೆ ಒಂದು ಗೆರೆ, ಮೂಗೆಂದರೆ ಒಂದು ಕೊಕ್ಕೆ. ನೋಡಿದವರು ಇದೇನು ಮಹಾ ಎನ್ನುತ್ತಾರೆ. ಆ ಒಂದು ಗೆರೆಯನ್ನು ಅವಳು ಕೂದಲಿನಂಥ ಕುಂಚದಲ್ಲಿ ಹತ್ತು ಸಲ, ಒಂದರ ಮೇಲೊಂದು ಎಳೆಯುತ್ತಿದ್ದಳು. ನಗುವಿಗೆ ಬೇರೆ ಗೆರೆ, ಅಳು ನುಂಗಿದ್ದಕ್ಕೆ ಬೇರೆ ಗೆರೆ. ಕಾಯಿಲೆ ಬಿದ್ದ ವರ್ಷ ಚಿತ್ರಶಾಲೆಗೆ ಹೋಗಲಾಗದೆ, ಈ ಸುರುಳಿಯನ್ನು ಪೂರ್ತಿಯಾಗಿ ಮನೆಯಲ್ಲೇ ಕೂತು ಒಬ್ಬಳೇ ಬರೆದಳು. ಮೊಹರು ಮಾತ್ರ ಯಜಮಾನನದು.

ಚಿತ್ರ ಮುಗಿಯುವ ಹೊತ್ತಿಗೆ ಅವಳೂ ಮುಗಿಯುವ ಹಾಗಿದ್ದಳು. ಐದನೆಯ ತಿಂಗಳ ಕೊನೆಗೆ ಮದುವೆಯ ದಿಬ್ಬಣ. ಸೂತಕದ ಮನೆಯಿಂದ ಮದುವೆ ಸಾಮಾನು ಹೋಗುವ ಹಾಗಿಲ್ಲ. ಸುರುಳಿ ಹೊರಡುವ ಮೊದಲೇ ಅವಳು ಕಣ್ಣುಮುಚ್ಚಿದರೆ ಅವಳ ಚಿತ್ರ ಬೇಡವಾಗುತ್ತದೆ, ಬೇರೆಯವರು ಬೇರೆ ಬರೆಯುತ್ತಾರೆ. ಹಳೆಯ ಅಂಟಿನಲ್ಲಿ ಕಟ್ಟಿದರೆ ಪದರ ಪದರಕ್ಕೂ ಹಲಗೆಯ ಮೇಲೆ ಒಣಗಲು ತಿಂಗಳುಗಟ್ಟಲೆ ಬೇಕು. ಹೊಸ ಅಂಟಿನಲ್ಲಾದರೆ ಹನ್ನೆರಡು ದಿನ. ಹಳೆಯದು ಮೆತ್ತಗೆ ಹಿಡಿಯುತ್ತದೆ, ನೀರು ಮುಟ್ಟಿಸಿದರೆ ಬಿಡುತ್ತದೆ. ಹೊಸದು ಗಟ್ಟಿಯಾಗಿ ಹಿಡಿದು ಒಣಗುತ್ತ ಒಣಗುತ್ತ ಚಿತ್ರವನ್ನೇ ಮುರಿಯುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಓತಕಿಗೆ ಆಗ ಏಳು ವರ್ಷ. ಅವಳನ್ನು ಫುಶಿಮಿಯಲ್ಲಿದ್ದ ನನ್ನ ಅಕ್ಕನ ಮನೆಗೆ ಕಳಿಸಿದ್ದೆ. ತಾಯಿ ಹೋದ ಮೇಲೆ ಮಗು ಅತ್ತಾಗ ಅಕ್ಕ ಸಮಾಧಾನಕ್ಕೆ ಹೇಳಿದಳಂತೆ, ನಿಮ್ಮಪ್ಪ ಹನ್ನೆರಡು ದಿನ ಕೆಲಸ ಬಿಟ್ಟು ನಿಮ್ಮಮ್ಮನ ಕೈ ಹಿಡಿದುಕೊಂಡೇ ಕೂತಿದ್ದ ಎಂದು. ಒಳ್ಳೆಯ ಮನಸ್ಸಿನ ಸುಳ್ಳು. ಅಕ್ಕ ಸತ್ತುಹೋದಳು, ಸುಳ್ಳು ಉಳಿಯಿತು. ನಾನು ಅದನ್ನು ಒಮ್ಮೆಯೂ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಅದು ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಓತಕಿಗೆ ಇಪ್ಪತ್ತರಲ್ಲಿ ಮದುವೆಯಾಯಿತು. ಗಂಡ ಒಳ್ಳೆಯವನೇ, ಎಣ್ಣೆ ವ್ಯಾಪಾರಿ. ಅವಳಿಗೆ ಒಮ್ಮೆ ಜೋರು ಜ್ವರ ಬಂದು ಮಲಗಿದಾಗ ಅವನು ಅಂಗಡಿ ಬಿಟ್ಟು ಏಳಲಿಲ್ಲ. ಜ್ವರ ಬಿಟ್ಟ ದಿನವೇ ಗಂಟು ಕಟ್ಟಿಕೊಂಡು ಬಂದಳು. "ನಮ್ಮಪ್ಪ ಹನ್ನೆರಡು ದಿನ ಕೂತ. ನೀನು ಎರಡು ಗಳಿಗೆ ಕೂರ್ಲಿಲ್ಲ," ಎಂದು ಅವನ ಮುಖಕ್ಕೇ ಹೇಳಿ ಬಂದೆ ಎಂದಳು. ಅವನು ಎರಡು ಸಲ ಕರೆಯಲು ಬಂದ. ಎರಡನೆಯ ಸಲ ನನ್ನ ಹತ್ತಿರ ಕೂತು, "ಮಾವ, ನೀವು ಒಂದು ಮಾತು ಹೇಳಿ," ಎಂದು ಕೇಳಿಕೊಂಡ. ನಾನು ಅವನ ಲೋಟಕ್ಕೆ ಚಹಾ ಬಗ್ಗಿಸಿದೆ. ಈಗ ಅವನಿಗೆ ಬೇರೆ ಹೆಂಡತಿ, ಮೂರು ಮಕ್ಕಳು.

ಸುರುಳಿಯಲ್ಲಿ ಎದ್ದುನಿಂತ ಬಣ್ಣವನ್ನು ಮೊದಲು ಕೂರಿಸಬೇಕು. ಓತಕಿ ತೊಗಲು ಬೇಯಿಸಿ ತೆಗೆದ ತೆಳುವಾದ ಸರೇಸಿನ ನೀರಲ್ಲಿ ಕುಂಚದ ತುದಿ ಅದ್ದಿ, ಚೂರು ಚೂರಿಗೂ ಒಂದು ಹನಿ ಕೊಡುತ್ತ ಹೋದಳು. ದಿನಕ್ಕೆ ಒಂದು ಗೇಣು ಮುಗಿದರೆ ದೊಡ್ಡದು. ಕೊನೆಯ ದೃಶ್ಯಕ್ಕೆ ಬಂದ ದಿನ ಅವಳ ಕುಂಚ ನಿಂತಿತು.

"ಅಪ್ಪಾ, ಇದರಲ್ಲಿ ಯಾರಿಗೂ ಮುಖ ಇಲ್ಲ."

ಹೋಗಿ ನೋಡಿದೆ. ನೋಡುವ ಅಗತ್ಯವೇನೂ ಇರಲಿಲ್ಲ. ಛಾವಣಿ ತೆಗೆದ ಮನೆಯೊಳಗೆ ಮೇಲಿನಿಂದ ಇಣುಕಿದ ಹಾಗೆ ಬರೆದ ಚಿತ್ರ. ಐದು ಜನ ಹೆಂಗಸರು. ಒಬ್ಬಳು ಬೀಸಣಿಗೆಯ ಹಿಂದೆ, ಒಬ್ಬಳು ತೋಳಿನ ಹಿಂದೆ, ಇಬ್ಬರು ತೆರೆಯ ಹಿಂದೆ. ಕಾಗದ ಓದುವವಳು ನಮಗೆ ಬೆನ್ನು ಮಾಡಿ ಕೂತಿದ್ದಳು, ಕೂದಲು ಚಾಪೆಯ ಮೇಲೆ ಹರಿದಿತ್ತು.

"ಮುಖ ಬರೆಯೋಕೆ ಬರದೆ ಇರೋರ ಕೈಯಲ್ಲ ಇದು," ಅಂದಳು ಓತಕಿ. "ಮೊದಲನೇ ದೃಶ್ಯ ನೋಡು, ಸೊಪ್ಪು ಕೀಳೋ ಹುಡುಗಿ ಕಣ್ಣು. ಇದು ಅಮ್ಮಂದು. ಅಮ್ಮನ ಕೈ ನಡುಗೋಕೆ ಶುರುವಾದ ಮೇಲೆ ಮುಖ ಎಲ್ಲಾ ಮುಚ್ಚಿಬಿಟ್ಟಿದಾಳೆ. ಇದು ಅಮ್ಮನ ಕೊನೇದು, ಅಲ್ವಾ?"

"ಇರಬಹುದು," ಅಂದೆ.

"ಇರಬಹುದು ಅಂತೀಯಲ್ಲ. ನಿಂಗೆ ಗೊತ್ತಾಗ್ಲಿಲ್ವಾ?"

"ಕಣ್ಣು ಮೊದಲಿನ ಹಾಗಿಲ್ಲ."

ಅವಳು ಕುಂಚ ಕೆಳಗಿಟ್ಟಳು. ಅಳಲಿಲ್ಲ. ಅವಳು ಸುಲಭಕ್ಕೆ ಅಳುವ ಜಾತಿಯಲ್ಲ. ಆಮೇಲೆ ತನಗೆ ತಾನೇ ಲೆಕ್ಕ ಹಾಕಿದ ಹಾಗೆ ಹೇಳಿದಳು. "ನೀನು ಅಮ್ಮನ ಹತ್ರ ಕೂತಿದ್ದೆ. ಅದಕ್ಕೇ ಚಿತ್ರಶಾಲೆಯೋರು ಬೇರೆ ಯಾರಿಗೋ ಕೊಟ್ಟಿದಾರೆ ಕಟ್ಟೋಕೆ. ಆ ಕತ್ತೆಗೆ ಅವಸರ."

"ಇರಬಹುದು," ಅಂದೆ ಮತ್ತೆ. ನನ್ನ ನಾಲಿಗೆಗೆ ಅಷ್ಟೇ ಗೊತ್ತಿತ್ತು. ಸುಳ್ಳಿಗೂ ಶಕ್ತಿ ಬೇಕು, ನಿಜಕ್ಕೂ ಬೇಕು, ನನ್ನಲ್ಲಿ ಎರಡಕ್ಕೂ ಉಳಿದಿರಲಿಲ್ಲ.

ಮಳೆ ನಿಂತು ಸೆಕೆ ಶುರುವಾದಾಗ ಹಂದಾ ಮತ್ತೆ ಬಂದ. ಚಿತ್ರ ಆಗ ಬೋರಲಾಗಿ ಮಲಗಿತ್ತು. ಓತಕಿ ಚಿಮುಟದಲ್ಲಿ ಬೆನ್ನಿನ ಕಾಗದವನ್ನು ನಾರು ನಾರಾಗಿ ಕೀಳುತ್ತಿದ್ದಳು. ಹಳೆಯ ಅಂಟಾಗಿದ್ದರೆ ಹಾಳೆ ಹಾಳೆಯಾಗಿ ಎದ್ದು ಬರುತ್ತಿತ್ತು. ಇದರಲ್ಲಿ ಬೆಳಗಿನಿಂದ ಸಂಜೆಗೆ ಅಂಗೈ ಅಗಲ. ಅವಳ ಕಣ್ಣುಗಳು ಕೆಂಪಗೆ ಊದಿಕೊಂಡಿದ್ದವು.

"ಎಷ್ಟಾಯ್ತು ತಾಯಿ?"

"ಹತ್ತರಲ್ಲಿ ಎರಡು ಪಾಲು."

"ಅಯ್ಯೋ! ಹತ್ತನೇ ತಿಂಗಳಿಗೆ ಮದುವೆ!"

"ಮದುವೆ ಮಾಡ್ಕೊಳ್ಳಿ, ನಾನೇನು ಅಡ್ಡ ಬರಲ್ಲ. ಸುರುಳಿ ಬರೋ ವರ್ಷ ಬೇಸಿಗೆಗೆ."

"ಖಾಲಿ ಪೆಟ್ಟಿಗೆ ಹೊತ್ತುಕೊಂಡು ದಿಬ್ಬಣ ಹೋಗ್ಬೇಕಾ? ಬೇಗ ಒಣಗೋ ಅಂಟು ಇರುತ್ತಂತಲ್ಲ. ಅದನ್ನ ಹಾಕಿ."

ಓತಕಿ ಚಿಮುಟ ಎತ್ತಿ ಅವನ ಮೂಗಿನ ನೇರಕ್ಕೆ ಹಿಡಿದಳು. "ಹಂದಾ ಅವ್ರೇ, ಅದನ್ನ ಒಬ್ಬ ಹಾಕಿದ್ದಕ್ಕೇ ನಾನು ಇಲ್ಲಿ ಕೋತಿ ಹೇನು ಹೆಕ್ಕಿದ ಹಾಗೆ ಹೆಕ್ತಾ ಕೂತಿರೋದು. ಇನ್ನೊಂದು ಸಲ ಆ ಮಾತು ಎತ್ತಿದ್ರೆ ನಿಮ್ಮ ಮೀಸೇನೂ ಹೀಗೇ ಕೀಳ್ತೀನಿ."

ಹಂದಾ ಮೀಸೆಯ ಮೇಲೆ ಕೈ ಇಟ್ಟುಕೊಂಡ. ನನ್ನ ಕಡೆ ತಿರುಗಿ, "ಹಿರೀಕರೇ, ನೀವಾದ್ರೂ ಹೇಳಿ. ನಿಮ್ಮ ಕಾಲದಲ್ಲಿ ಹೀಗಿತ್ತಾ?" ಎಂದ.

"ನಮ್ಮಪ್ಪನ್ನ ಕೇಳ್ಬೇಡಿ," ಅಂದಳು ಓತಕಿ. "ನನ್ನ ಹದಿಮೂರನೇ ವಯಸ್ಸಲ್ಲಿ, ಒಣಗಲಿಲ್ಲ ಅಂತ ಹಾಳೇನ ಬೆಂಕಿ ಹತ್ರ ಹಿಡಿದಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ರು ಅವ್ರು."

ನಿಜ, ಬಿಟ್ಟಿದ್ದೆ. ಸಣ್ಣ ಹುಡುಗಿ ಬಾಗಿಲ ಹತ್ತಿರ ನಿಂತು ಅಪ್ಪಾ ಅಪ್ಪಾ ಎನ್ನುತ್ತಿದ್ದರೂ ಕತ್ತು ಎತ್ತಿರಲಿಲ್ಲ. ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಂಡೆ ಎಂದು ಈಗ ಗೊತ್ತಾಗುತ್ತದೆ. ಹಂದಾ ಗೊಣಗುತ್ತ ಹೋದ.

ಕೀಳುವ ಕೆಲಸ ಒಂಬತ್ತನೆಯ ತಿಂಗಳವರೆಗೂ ನಡೆಯಿತು. ಕಡೆಯ ನಾರು ಬಂದ ದಿನ ಓತಕಿ ಅಂಗಳದಲ್ಲಿ ಕೈಕಾಲು ಚಾಚಿ ಬಿದ್ದುಕೊಂಡಳು. ಮಾರನೆಯ ದಿನ ಜಾಡಿಗಳ ಸಾಲಿನಿಂದ ಹಳೆಯ ಅಂಟಿನ ಜಾಡಿ ಎಳೆದು ತಂದಳು. ಓಕಿನು ತೀರಿಕೊಂಡ ವರ್ಷದ ಚಳಿಗಾಲದಲ್ಲಿ, ವರ್ಷದ ಅತಿ ಚಳಿಯ ದಿನ, ನಾನು ಗೋಧಿಯ ಹಿಟ್ಟು ಕುದಿಸಿ ತುಂಬಿಸಿದ ಜಾಡಿ. ಏಳು ವರ್ಷದ ಓತಕಿ ಮುಕ್ಕಾಲಿಯ ಮೇಲೆ ನಿಂತು ಕೋಲಲ್ಲಿ ಕದಡಿದ್ದಳು. ಇಪ್ಪತ್ತೆರಡು ಚಳಿಗಾಲ ಅದರ ನೀರು ಬದಲಿಸಿ ಬದಲಿಸಿ, ಮೇಲಿನ ಬೂಸಲು ತೆಗೆದು ತೆಗೆದು, ಈಗ ಒಳಗೆ ಉಳಿದದ್ದು ತುಪ್ಪದ ಬಣ್ಣದ ಒಂದು ಮುದ್ದೆ.

ಜಾಡಿ ಎಳೆಯುವಾಗ ಅವಳು ಹಿಂದಿನ ಹಲಗೆ ತೆಗೆಯಬಹುದು ಎಂದು ನಾನು ಉಸಿರು ಹಿಡಿದಿದ್ದೆ. ತೆಗೆಯಲಿಲ್ಲ. ಬದಲಿಗೆ ದೇವದಾರು ಮರದ ಹೊಸ ಕೋಲೊಂದನ್ನು ತಂದು ನನ್ನ ಮುಂದೆ ಇಟ್ಟಳು. ಆಮೇಲೆ ಮಸಿಕಲ್ಲು ತಂದು ಮಸಿ ತೇಯತೊಡಗಿದಳು.

"ಇಷ್ಟು ಬೇಗ ಯಾಕೆ? ಕೋಲಿಗೆ ಇನ್ನೂ ಆರೇಳು ತಿಂಗಳಿದೆ," ಅಂದೆ.

"ಇದು ಬೇರೆಯವರ ಚಿತ್ರ ಅಲ್ಲ. ಏನು ಬರೀಬೇಕು ಅಂತ ಬೇಸಿಗೆಯೆಲ್ಲಾ ಯೋಚ್ನೆ ಮಾಡಿದೀನಿ. ಕೇಳು, ತಪ್ಪಿದ್ರೆ ಹೇಳು." ಅವಳು ಓದುವ ದನಿಯಲ್ಲಿ ಹೇಳಿದಳು. "'ಚಿತ್ರ ಯಜಮಾನರದ್ದಲ್ಲ. ಗಿಸುಕೆಯ ಹೆಂಡತಿ ಓಕಿನು ಬರೆದದ್ದು, ಅವಳ ಕೊನೆಯ ಕೆಲಸ. ಅವಳು ಮಲಗಿದ್ದಾಗ ಗಿಸುಕೆ ಹನ್ನೆರಡು ದಿನ ಕೆಲಸ ಬಿಟ್ಟು ಪಕ್ಕದಲ್ಲಿ ಕೂತಿದ್ದರಿಂದ ಬೇರೆ ಯಾರೋ ಹೊಸ ಅಂಟಿನಲ್ಲಿ ಕಟ್ಟಿದರು. ಮಗಳು ಓತಕಿ ಬಿಚ್ಚಿ ಮತ್ತೆ ಕಟ್ಟಿದಳು.' ಹೇಗಿದೆ?"

ಇರಬಹುದು ಎನ್ನಲು ಬಾಯಿ ತೆರೆದೆ, ಬರಲಿಲ್ಲ. ಅವಳು ಕುಂಚ ಅದ್ದಿದಳು. ಮರದ ಮೇಲೆ ಕುಂಚ ಮುಟ್ಟಲು ಒಂದು ಕೂದಲಿನಷ್ಟಿತ್ತು.

"ನಿಲ್ಲು," ಅಂದೆ. "ಕೋಲಿನ ಮೇಲೆ ಅದನ್ನ ಬರೀಬೇಡ."

"ಯಾಕೆ? ನಾಚ್ಕೆನಾ?"

ನಾನು ಮಂಡಿಯ ನೋವಿಗೆ ಹಲ್ಲು ಕಚ್ಚಿ ಜಾಡಿಗಳ ಹತ್ತಿರ ಹೋಗಿ, ಹಲಗೆ ಎತ್ತಿ, ಹಳೆಯ ಕೋಲು ತೆಗೆದೆ. ಅವಳ ಮಡಿಲಿಗೆ ಇಟ್ಟೆ. ಅದರಲ್ಲಿ ಹುಳದ ಒಂದು ತೂತೂ ಇರಲಿಲ್ಲ.

ಅವಳು ಓದಿದಳು. ನಾನು ಬರೆದದ್ದು ನನಗೆ ಬಾಯಿಪಾಠವಾಗಿತ್ತು, ಅವಳ ಕಣ್ಣು ಯಾವ ಸಾಲಿನ ಮೇಲಿದೆ ಎಂಬುದೂ ಕಾಣುತ್ತಿತ್ತು. 'ಗಿಸುಕೆ ಕಟ್ಟಿದ್ದು. ಹೊಸ ಅಂಟು, ಹನ್ನೆರಡು ದಿನ. ಹೆಂಡತಿ ಒಳಕೋಣೆಯಲ್ಲಿ ಸಾಯುತ್ತಿದ್ದಾಳೆ. ಬೆಳಗಿನಿಂದ ಮೂರು ಸಲ ಕರೆದಳು. ಬಂದೆ ಎಂದೆ, ಹೋಗಲಿಲ್ಲ, ಅಂಟು ಒಣಗುತ್ತದೆ ಎಂದು. ಇದನ್ನು ಬಿಚ್ಚಿ ಕಷ್ಟಪಡುವವರೇ, ಬೈಯಿರಿ.'

ನೂರು ವರ್ಷದ ಮೇಲೆ ಹುಟ್ಟುವ ಯಾರೋ ಗುರುತಿಲ್ಲದವನ ಹತ್ತಿರ ಬೈಸಿಕೊಳ್ಳುವುದು ಸುಲಭ ಎಂದು ಬರೆದಿದ್ದೆ. ಬಿಚ್ಚಿದವಳು ಮಗಳು. ಗೊತ್ತಿಲ್ಲದೆಯೇ ಮೊದಲ ದಿನವೇ ಬೈದೂ ಮುಗಿಸಿದ್ದಳು.

ಅವಳು ಎರಡನೆಯ ಸಲ ಓದಿದಳು. ಕುಂಚದಿಂದ ಮಸಿ ಅವಳ ಮೊಣಕಾಲಿನ ಮೇಲೆ ತೊಟ್ಟಿಕ್ಕಿತು.

"ಅಮ್ಮ ಕೇಳಿದ್ಲಾ, ಇದನ್ನ ಹೇಗಾದ್ರೂ ಮುಗಿಸು ಅಂತ?"

"ಇಲ್ಲ. ಹೋದ್ರೆ ಹೋಗ್ಲಿ ಬಿಡು, ಇನ್ಯಾರಾದ್ರೂ ಬರೀತಾರೆ ಅಂದ್ಲು."

"ಮತ್ತೆ ಯಾಕೆ?"

ಅವಳಿಗಾಗಿ ಎಂದು ಇಪ್ಪತ್ತೆರಡು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಆ ಮಾತು ಬಾಯಿಯವರೆಗೂ ಬಂತು. "ಸಾಯೋರ ಪಕ್ಕ ಕೂರೋದಕ್ಕಿಂತ ಅಂಟು ಬಳಿಯೋದು ಸುಲಭ ಇತ್ತು," ಅಂದೆ. "ಅಂಟಿನ ಕೆಲಸ ನಂಗೆ ಬರ್ತಿತ್ತು. ಅದು ಬರ್ತಿರ್ಲಿಲ್ಲ."

"ಮೂರು ಸಲ ಯಾಕೆ ಕರೆದ್ಲು?"

"ಗೊತ್ತಿಲ್ಲ ಮಗಾ. ನಾನು ಹೋಗ್ಲಿಲ್ಲ. ಸುರುಳಿ ಕೊಟ್ಟು ವಾಪಸ್ ಬಂದಾಗ ಪಕ್ಕದ ಮನೆಯಾಕೆ ಅವಳ ಮುಖಕ್ಕೆ ಬಿಳಿಬಟ್ಟೆ ಹಾಕಿ ಕೂತಿದ್ಲು."

ಓತಕಿ ಕುಂಚವನ್ನು ಮಸಿಕಲ್ಲಿನ ಮೇಲಿಟ್ಟಳು. ಅವಳು ಎಣ್ಣೆ ವ್ಯಾಪಾರಿಯನ್ನು ನೆನೆಯುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. "ನಾನು ಒಬ್ಬನ್ನ ಬಿಟ್ಟು ಬಂದೆ ಅಪ್ಪಾ," ಅಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬರೀ ಆಯಾಸ. "ನಿನ್ನನ್ನ ಪಕ್ಕದಲ್ಲಿ ನಿಲ್ಲಿಸಿ ಅವನ ಎತ್ತರ ನೋಡಿ ಬಿಟ್ಟು ಬಂದೆ."

ತಪ್ಪಾಯಿತು ಎಂದೆ. ಅದು ಎಷ್ಟು ಸಣ್ಣ ಮಾತು ಎಂದು ಹೇಳುವಾಗಲೇ ತಿಳಿಯಿತು.

ಅವಳು ಎದ್ದು ಹೊಸ ಕೋಲನ್ನು ಗೂಡಿಗೆ ಎಸೆದಳು. ಹಳೆಯದನ್ನು ಬಟ್ಟೆಯಲ್ಲಿ ಒರೆಸಿ ಸುರುಳಿಯ ಪೆಟ್ಟಿಗೆಯಲ್ಲಿಟ್ಟಳು. "ಇದೇ ಸಾಕು," ಅಂದಳು.

ಆಮೇಲೆ ಹನ್ನೊಂದು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಗಂಜಿ ಬರುತ್ತಿತ್ತು, ಉಪ್ಪಿನ ಮೂಲಂಗಿ ಬರುತ್ತಿತ್ತು, ಮಂಡಿಗೆ ಬಿಸಿನೀರಿನ ಬಟ್ಟೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ನಾನು ಅವಳಿಗೆ ಮೂರು ದಿನ ಬಿಟ್ಟಿದ್ದೆ, ಅವಳು ಹನ್ನೊಂದು ಬಿಟ್ಟಳು. ಲೆಕ್ಕ ಸರಿಯಾಗಿಯೇ ಇದೆ ಅನಿಸಿತು. ಪಕ್ಕದ ಮನೆಯ ಸೀಬೆಹಣ್ಣಿನಂಥ ಮುಖದ ಮುದುಕಿ ಬಂದು, "ಏನು, ನಿಮ್ಮನೇಲಿ ಯಾರೂ ಇಲ್ವಾ?" ಎಂದು ಕೇಳಿಹೋದಳು.

ಹನ್ನೆರಡನೆಯ ದಿನ ಓತಕಿ ಮೊದಲ ಪದರ ಕಟ್ಟಲು ಕೂತಳು. ಅದು ನಡುವೆ ಬಿಟ್ಟು ಏಳುವ ಕೆಲಸವಲ್ಲ. ಚಿತ್ರ ಒದ್ದೆಯಾಗಿ ಹಲಗೆಯ ಮೇಲೆ ಹರಡಿರುತ್ತದೆ, ಅಂಟು ಬಳಿದ ಕಾಗದ ಅದರ ಮೇಲೆ ಅರ್ಧ ಇಳಿದಿರುತ್ತದೆ. ಆಗ ಎದ್ದರೆ ಒಂದು ಕಡೆ ಒಣಗಿ ಒಂದು ಕಡೆ ಹಸಿ ಉಳಿದು ಹಾಳೆ ಕೆಟ್ಟೀತು. ಮನೆಗೆ ಬೆಂಕಿ ಬಿದ್ದರೂ ಏಳಬೇಡ ಎಂದು ಹೇಳಿಕೊಟ್ಟವನು ನಾನು. ನಾನು ಒಳಕೋಣೆಯಲ್ಲಿ ಮಲಗಿದ್ದೆ. ಓಕಿನು ಮಲಗಿದ್ದ ಕೋಣೆ ಅದು. ಕುಂಚದ ಸದ್ದು ಕೇಳುತ್ತಿತ್ತು, ಸರ್ ಸರ್ ಎಂದು, ಒಂದೇ ಸಮನೆ. ಇಪ್ಪತ್ತೆರಡು ವರ್ಷದ ಹಿಂದೆ ಈ ಸದ್ದು ಈ ಕೋಣೆಗೆ ಹೀಗೆ ಕೇಳುತ್ತಿತ್ತು ಎಂದು ನನಗೆ ಮೊದಲ ಸಲ ಗೊತ್ತಾಯಿತು.

"ಓತಕಿ," ಎಂದು ಕರೆದುಬಿಟ್ಟೆ. ಕರೆಯಬೇಕೆಂದು ಇರಲಿಲ್ಲ.

ಕುಂಚ ನಿಂತಿತು. ಬಂದೆ ಎನ್ನುವ ಉತ್ತರ ಬರಲಿಲ್ಲ. ತೆರೆ ಸರಿಯಿತು, ಅವಳೇ ಬಂದಳು. ಅಂಗಿಯ ತೋಳನ್ನು ಮೊಣಕೈವರೆಗೂ ಮೇಲೆತ್ತಿ ಕಟ್ಟಿದ್ದಳು, ಬೆರಳ ತುದಿಯಿಂದ ಅಂಟಿನ ನೀರು ಇಳಿಯುತ್ತಿತ್ತು. ಹಾಸಿಗೆಯ ಪಕ್ಕ ಕೂತಳು.

"ಏನಪ್ಪಾ?"

"ಏನಿಲ್ಲ."

"ಏನಿಲ್ವಾ?"

"ಏನಿಲ್ಲ. ಸುಮ್ನೆ. ಹೋಗು, ಕಾಗದ ಒಣಗುತ್ತೆ."

"ಒಣಗ್ಲಿ," ಅಂದಳು. ಏಳಲಿಲ್ಲ. ಒದ್ದೆ ಕೈಯನ್ನೇ ನನ್ನ ಮಂಡಿಯ ಮೇಲೆ ಇಟ್ಟಳು. ಓಕಿನು ಮೂರು ಸಲ ಕರೆದದ್ದೂ ಇದಕ್ಕೇ ಇರಬೇಕು, ಏನೂ ಇಲ್ಲದ್ದಕ್ಕೆ. ನಾನು ಗೋಡೆಯ ಕಡೆ ತಿರುಗಿಕೊಂಡು ಅತ್ತೆ. ಅವಳು ನೋಡಿಯೂ ನೋಡದ ಹಾಗೆ ಕೂತಿದ್ದಳು.

ಆ ಹಾಳೆ ಕೆಟ್ಟೇ ಕೆಟ್ಟಿತು. ಮಾರನೆಯ ಬೆಳಗ್ಗೆ ಓತಕಿ ಅದರ ಮೇಲೆ ನೀರು ಚಿಮುಕಿಸಿ ತುದಿ ಹಿಡಿದು ಎತ್ತಿದಳು. ಹಳೆಯ ಅಂಟಲ್ಲವೇ, ಏನೂ ತಕರಾರು ಮಾಡದೆ ಬಿಟ್ಟುಕೊಟ್ಟಿತು. ಅವಳು ಬೇರೆ ಕಾಗದ ತೆಗೆದುಕೊಂಡು ಮತ್ತೆ ಶುರುಮಾಡಿದಳು.